ಮೀಸೆ ಕಾಣುವಷ್ಟು ಹೊಳಪು

ನಮ್ಮ ಕಂಪನಿಯಲ್ಲಿ ಮೂವರು ಡೈರೆಕ್ಟರುಗಳು: ನನ್ನ ಮಾವ, ನನ್ನ ಅತ್ತೆ ಮತ್ತು ನಾನು. ಕೆಲಸಗಾರರು ಯಾರು ಎಂದು ಕೇಳಿದರೆ ಅವರೂ ಇದೇ ಮೂವರು. ಮರದ ನೆಲವನ್ನು ತಿಕ್ಕಿ, ಮೇಣ ಹಚ್ಚಿ, ಹೊಳೆಯುವಂತೆ ಮಾಡುವುದು ನಮ್ಮ ಕಸುಬು. ನನ್ನ ಗಂಡನಿಗೆ ಮೇಣದ ವಾಸನೆ ಬಂದರೆ ಸೀನು ನಿಲ್ಲುವುದಿಲ್ಲ, ಹಾಗಾಗಿ ಅವರು ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದಾರೆ. ಮಾವನ ಲೆಕ್ಕದಲ್ಲಿ ಅದು ಕೆಲಸವೇ ಅಲ್ಲ.

ಮಾವನ ಕೆಲಸಕ್ಕೆ ಒಂದೇ ಅಳತೆ. ಯಂತ್ರ ಓಡಿಸಿ ಮುಗಿದ ಮೇಲೆ ಅವರು ಮೊಣಕಾಲೂರಿ ಕೂತು, ಮೆತ್ತನೆಯ ಬಟ್ಟೆಯಿಂದ ಇಂಚಿಂಚೂ ಉಜ್ಜುತ್ತಾರೆ. ಆಮೇಲೆ ಬಗ್ಗಿ ನೋಡುತ್ತಾರೆ. ತಮ್ಮ ಮೀಸೆಯ ಬಿಳಿ ಕೂದಲು ಬೇರೆ, ಕರಿ ಕೂದಲು ಬೇರೆಯಾಗಿ ನೆಲದಲ್ಲಿ ಕಂಡರೆ ಕೆಲಸ ಮುಗಿಯಿತು. ಕಾಣದಿದ್ದರೆ ಮತ್ತೆ ಮೊದಲಿನಿಂದ.

ಇಂಥ ಮಾವನಿಗೆ ಮೂವತ್ತು ವರ್ಷದಿಂದ ಒಂದು ಆಸೆ ಇತ್ತು. ಊರಿನ ದೊಡ್ಡ ಗ್ರಂಥಾಲಯದ ಓದುವ ಕೋಣೆಯ ನೆಲಕ್ಕೆ ಒಮ್ಮೆ ಕೈ ಹಚ್ಚಬೇಕು. ಪೇಪರ್ ಓದುವ ನೆಪದಲ್ಲಿ ಅಲ್ಲಿಗೆ ಹೋಗಿ, ಮಂಕು ಬಡಿದ ಆ ಹಲಗೆಗಳನ್ನು ನೋಡಿ, ಹೊಟ್ಟೆ ಉರಿಸಿಕೊಂಡು ಬರುತ್ತಿದ್ದರು. ಕೊನೆಗೂ ಆ ಕೆಲಸ ನಮಗೆ ಬಂತು, ಆದರೆ ಒಂದು ಷರತ್ತಿನ ಮೇಲೆ. ಶುಕ್ರವಾರ ಸಂಜೆ ಐದರೊಳಗೆ ಕಂಪನಿಯ ಹೊಣೆಗಾರಿಕೆ ವಿಮೆಯ ಪತ್ರ ಕೊಡಬೇಕು. ಇಲ್ಲವಾದರೆ ಕೆಲಸ ಇನ್ನೊಂದು ಕಂಪನಿಗೆ ಹೋಗುತ್ತದೆ. ಅವರು ಡಬ್ಬಿಯಿಂದ ಏನೋ ಚಿಮುಕಿಸಿ, ಒರೆಸಿ, ಹೊರಟುಬಿಡುವವರು. ಅವರ ಹೆಸರು ಕೇಳಿದರೂ ಮಾವನಿಗೆ ಅನ್ನ ಸೇರುವುದಿಲ್ಲ.

"ನಮ್ಮದು ಲಿಮಿಟೆಡ್ ಕಂಪನಿ ತಾನೆ? ಹೆಸರಲ್ಲೇ ಮಿತಿ ಇದೆ. ಅದರ ಮೇಲೆ ಇನ್ನೆಂಥ ವಿಮೆ, ತಾಯಿ?" ಎಂದರು ಮಾವ.

"ಮಾವ, ಕಂಪನಿ ಮುಳುಗಿದ್ರೂ ನಮ್ಮ ಮನೆ ಪಾತ್ರೆಪಗಡ ಉಳಿಯುತ್ತೆ, ಆ ಮಿತಿ ಅಷ್ಟಕ್ಕೇ. ಓದೋಕೆ ಬಂದವರು ಯಾರಾದ್ರೂ ನಮ್ಮ ನೆಲದ ಮೇಲೆ ಜಾರಿ ಕಾಲು ಮುರ್ಕೊಂಡ್ರೆ ಕಂಪನಿನೇ ಕೊಡಬೇಕು. ಕಂಪನಿ ಹತ್ರ ಏನಿದೆ? ಎರಡು ಯಂತ್ರ, ನಿಮ್ಮ ಮೀಸೆ."

"ನನ್ನ ನೆಲದ ಮೇಲೆ ಯಾರೂ ಬೀಳಲ್ಲ," ಎಂದರು ಮಾವ. ಹಾಗೆನ್ನುವಾಗ ಅವರು ನನ್ನ ಮುಖ ನೋಡಲಿಲ್ಲ. ಆಗ ನಾನು ಅದಕ್ಕೆ ಬೆಲೆ ಕೊಡಲಿಲ್ಲ.

'ಎಚ್ಚರಿಕೆ, ನೆಲ ಜಾರುತ್ತದೆ' ಎಂಬ ಹಳದಿ ಬೋರ್ಡು ನಮ್ಮಲ್ಲಿ ಒಂದಿತ್ತು. ತಂದವಳು ನಾನು. ಅದು ಬಂದ ದಿನದಿಂದ ಬೀರುವಿನ ಹಿಂದೆಯೇ ನಿಂತಿತ್ತು, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ. ಅಡುಗೆ ಮಾಡಿದವನೇ ತಟ್ಟೆಯ ಪಕ್ಕ 'ಹುಷಾರಾಗಿ ತಿನ್ನಿ' ಅಂತ ಚೀಟಿ ಇಡ್ತಾನಾ ಎನ್ನುವುದು ಮಾವನ ವಾದ. ಈ ಮಾತಿಗೆ ಅತ್ತೆ ಹೂಂ ಎನ್ನುತ್ತಿರಲಿಲ್ಲ, ಊಹೂಂ ಎನ್ನುತ್ತಲೂ ಇರಲಿಲ್ಲ.

ನಮ್ಮ ಆಫೀಸು ಎಂದರೆ ಮನೆಯ ಮುಂದಿನ ಕೋಣೆ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ವಿಮೆಯವರು ಬಂದು ಎಲ್ಲವನ್ನೂ ನೋಡಿ, ಅರ್ಜಿ ತುಂಬಿಸಿಕೊಂಡು ಹೋಗುವುದು ಎಂದು ನಿಶ್ಚಯವಾಗಿತ್ತು. ಮನೆಗೆ ದೊಡ್ಡವರು ಬರುತ್ತಾರೆಂದರೆ ಬೇರೆಯವರು ಏನು ಮಾಡುತ್ತಾರೆ? ಕಸ ಗುಡಿಸುತ್ತಾರೆ, ಕುರ್ಚಿ ಒರೆಸುತ್ತಾರೆ. ನಾನು ಅಂಗಡಿಯಿಂದ ಬಿಸ್ಕತ್ತು ತರುವಷ್ಟರಲ್ಲಿ ನಮ್ಮ ಮಾವ ಆಫೀಸಿನ ನೆಲಕ್ಕೆ ಎರಡು ಕೈ ಮೇಣ ಹಚ್ಚಿ, ಮೀಸೆ ನೋಡಿಕೊಂಡು, ಎದ್ದು ನಿಂತಿದ್ದರು.

"ಮಾವ!" ಎಂದೆ.

"ಕೆಲಸ ಹೇಗಿರುತ್ತೆ ಅಂತ ಅವರೂ ನೋಡ್ಲಿ," ಎಂದರು.

ವಿಮೆಯವರು ಸರಿಯಾಗಿ ಹತ್ತಕ್ಕೆ ಬಂದರು. ಕೈಯಲ್ಲಿ ಫೈಲು, ಕಿವಿಗೆ ಸಿಕ್ಕಿಸಿದ ಪೆನ್ನು, ಕಾಲಲ್ಲಿ ಹೊಸ ಬೂಟು. "ನಮಸ್ಕಾರ" ಎಂಬುದರಲ್ಲಿ 'ನಮಸ್' ಬಾಗಿಲಲ್ಲಿ ಆಯಿತು, 'ಕಾರ' ನನ್ನ ಮೇಜಿನ ಕೆಳಗೆ ಆಯಿತು. ಗ್ರಂಥಾಲಯ ಕೈತಪ್ಪಿತು ಎಂದೇ ಅಂದುಕೊಂಡೆ. ಅವರು ಮಾತ್ರ, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವಂತೆ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಫೈಲು ತೆರೆದರು.

"ಪರವಾಗಿಲ್ಲ, ಇಲ್ಲೇ ಚೆನ್ನಾಗಿದೆ," ಎಂದರು. ನೆಲದಲ್ಲಿ ತಮ್ಮ ಮುಖ ಕಂಡು ತಲೆ ಬೇರೆ ಬಾಚಿಕೊಂಡರು.

ದೊಡ್ಡ ಸಾಹೇಬರೇ ಕೆಳಗೆ ಕೂತ ಮೇಲೆ ನಾವೇನು ಕುರ್ಚಿಯಲ್ಲಿ ಕೂರುವುದು? ನಾನೂ ಮಾವನೂ ಎದುರಿಗೆ ಕೂತೆವು. ಅತ್ತೆ ಚಹಾ ತಂದರು. ಅವರು ಎಂದಿನಂತೆ ಗೋಡೆಗೆ ಒಂದು ಕೈ ಕೊಟ್ಟು, ಕೋಣೆಯ ಅಂಚಿನಲ್ಲೇ ಸುತ್ತು ಹಾಕಿ ಬಂದರು. ಗಂಡ ಹಚ್ಚಿದ ಹೊಳಪು ಕೆಡಬಾರದೆಂದು ಅತ್ತೆ ಹೀಗೆ ನಡೆಯುತ್ತಾರೆ ಎಂದು ನಾನು ತಿಳಿದಿದ್ದೆ.

ವಿಮೆಯವರು ಒಂದೊಂದೇ ಪ್ರಶ್ನೆ ಓದಿದರು. ಎಷ್ಟು ಜನ, ಎಷ್ಟು ಯಂತ್ರ, ಎಂಥ ಮೇಣ. ಆಮೇಲೆ ಬಂತು: "ಕಳೆದ ಮೂರು ವರ್ಷದಲ್ಲಿ ನಿಮ್ಮ ಕೆಲಸದಿಂದ ಯಾರಾದ್ರೂ ಬಿದ್ದು ಪೆಟ್ಟು ಮಾಡ್ಕೊಂಡಿದ್ದು ಇದೆಯಾ?"

"ಇಲ್ಲ," ಎಂದೆ.

"ಇಲ್ಲವೇ ಇಲ್ಲ!" ಎಂದರು ಅತ್ತೆ. ಕೇಳಿದ್ದು ಅವರನ್ನಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವರ ಬಲಗೈ ಎಡ ಮಣಿಕಟ್ಟಿನ ಮೇಲೆ ಹೋಗಿ ಕೂತಿತ್ತು.

ಪೆನ್ನು 'ಇಲ್ಲ' ಎಂದು ಬರೆಯಲು ಇಳಿಯಿತು. ಆಗ ಮಾವ ಹೇಳಿದರು: "ಇದೆ. ಒಂದು."

ನಾನು ಅವರ ಮೊಣಕೈ ತಿವಿದೆ. ಅವರು ಲೆಕ್ಕಿಸಲಿಲ್ಲ.

"ಎರಡು ವರ್ಷದ ಹಿಂದೆ. ಇದೇ ಕೋಣೆ, ಆ ಕಿಟಕಿ ಹತ್ರ. ಇವಳೇ ಬಿದ್ದಿದ್ದು. ಎಡ ಮಣಿಕಟ್ಟು ಮುರೀತು."

"ರೀ, ಅದು ಸ್ನಾನದ ಮನೆ ಮೆಟ್ಟಿಲು!" ಎಂದರು ಅತ್ತೆ.

"ನಿನ್ನ ಕಾಲ್ಚೀಲದ ತುಂಬ ನನ್ನ ಮೇಣ ಇತ್ತು ಕಣೇ. ಸ್ನಾನದ ಮನೆಗೆ ಮೇಣ ಎಲ್ಲಿಂದ ಬಂತು?"

ಅತ್ತೆ ಚಹಾದ ತಟ್ಟೆಯನ್ನು ಕೆಳಗಿಟ್ಟರು. "ಗೊತ್ತಿತ್ತಾ ನಿಮಗೆ?"

"ಅವತ್ತೇ ಗೊತ್ತಾಯ್ತು. ನೀನು ಮೆಟ್ಟಿಲು ಅಂದೆ, ನಾನೂ ಹೌದು ಅಂದುಬಿಟ್ಟೆ. ಆಮೇಲೆ ದಿನಾ ನೀನು ಗೋಡೆ ಹಿಡ್ಕೊಂಡು ಹೋಗೋದು ನೋಡ್ತಾ ಕೂತೆ. ಬಾಯಿ ಬರಲಿಲ್ಲ."

"ಹಾಗಾದ್ರೆ ಎರಡು ವರ್ಷ ನಾನು ಬಾಯಿ ಮುಚ್ಕೊಂಡಿದ್ದು ದಂಡ!" ಎಂದು ಅತ್ತೆ ಸಿಡುಕಿದರು. ಸಿಡುಕುತ್ತಲೇ ಕಣ್ಣೊರೆಸಿಕೊಂಡರು. ಒಂದೇ ಮನೆಯಲ್ಲಿದ್ದು, ಮುರಿದ ಕೈಗೆ ನಾನೇ ಬಿಸಿನೀರಿನ ಶಾಖ ಕೊಟ್ಟು, ಇಷ್ಟೂ ತಿಳಿಯದೆ ಹೋದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ವಿಮೆಯವರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ್ದನ್ನೇ ಮರೆತಿದ್ದರು, ಅದು ಮುರಿದು ಒಳಗೇ ಬಿತ್ತು. ಗಂಟಲು ಸರಿಮಾಡಿಕೊಂಡು ಕೇಳಿದರು: "ಅಮ್ಮನೂ ಡೈರೆಕ್ಟರಾ?"

"ಹೌದು," ಎಂದೆ.

"ಹಾಗಾದ್ರೆ ಇದನ್ನ ಇಲ್ಲಿ ಬರೆಯೋ ಹಾಗಿಲ್ಲ. ಈ ವಿಮೆ ಹೊರಗಿನವರಿಗೆ ಆಗೋ ಪೆಟ್ಟಿಗೆ. ಮನೆಯವರದ್ದು ಮನೆಯವರೇ ನೋಡ್ಕೋಬೇಕು." ಒಂದು ಕ್ಷಣ ಯೋಚಿಸಿದರು. "ಆದ್ರೆ ಹೊರಗಿನವನು ನಾನೊಬ್ಬ ಇದ್ದೀನಲ್ಲ. ಬಿದ್ದೂ ಇದ್ದೀನಿ. ಅದನ್ನ ಬರೀಲೇಬೇಕು."

"ಪೆಟ್ಟಾಯ್ತಾ ಸಾರ್?" ಎಂದೆ.

"ಪೆಟ್ಟು ಮರ್ಯಾದೆಗೆ ಬಿತ್ತು. ಅದಕ್ಕೆ ಇದರಲ್ಲಿ ಜಾಗ ಇಲ್ಲ. ಆದ್ರೆ ಮುಂದಿನ ಪ್ರಶ್ನೆ ನೋಡಿ. ಇನ್ನೊಂದು ಸಲ ಹಾಗೆ ಆಗದಿರೋಕೆ ನೀವು ಏನು ಮಾಡಿದ್ದೀರಿ? ಇದಕ್ಕೆ ಉತ್ತರ ಇಲ್ದಿದ್ರೆ ಪತ್ರ ಇಲ್ಲ."

ನಾನು, ಅತ್ತೆ, ವಿಮೆಯವರು, ಮೂವರೂ ಮಾವನ ಕಡೆ ತಿರುಗಿದೆವು. ಮಾವ ಎದ್ದರು. ಬೀರುವಿನ ಹಿಂದೆ ಕೈ ಹಾಕಿ ಹಳದಿ ಬೋರ್ಡನ್ನು ಎಳೆದು, ಪ್ಲಾಸ್ಟಿಕ್ಕನ್ನು ಪರಪರ ಹರಿದರು. ಕಿಟಕಿಯ ಹತ್ತಿರ, ಅತ್ತೆ ಬಿದ್ದಿದ್ದ ಜಾಗದಲ್ಲಿ ನಿಲ್ಲಿಸಿದರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ವಾರೆಯಾಗಿದೆ ಎಂದು ನೆಟ್ಟಗೆ ಮಾಡಿದರು. ಬಟ್ಟೆ ತಂದು ಬೋರ್ಡಿನ ಧೂಳನ್ನೂ ಒರೆಸಿದರು. ವಿಮೆಯವರು ಬರೆದುಕೊಂಡರು.

ಪತ್ರ ಬಂದಾಗ ನಾಲ್ಕು ಮುಕ್ಕಾಲು. ನಾನು ಗ್ರಂಥಾಲಯಕ್ಕೆ ಓಡಿದ ಓಟವನ್ನು ಶಾಲೆಯಲ್ಲಿ ಓಡಿದ್ದರೆ ಮೊದಲ ಬಹುಮಾನ ಸಿಗುತ್ತಿತ್ತು.

ಆರು ದಿನ ಕೆಲಸ ನಡೆಯಿತು. ಕೊನೆಯ ದಿನ ಗ್ರಂಥಪಾಲಕಿ ಬಂದು ನೆಲ ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡರು. "ಇಷ್ಟು ಚೆಂದದ ನೆಲದ ಮಧ್ಯ ಈ ಹಳದಿ ಬೋರ್ಡು ಯಾಕೆ? ತೆಗೆದುಬಿಡಿ," ಎಂದರು.

"ಅದು ಇದ್ರೇನೇ ಕೆಲಸ ಮುಗಿದ ಹಾಗೆ, ಅಮ್ಮಾ," ಎಂದರು ಮಾವ.

ಕೈ ಮುರಿದ ಮೇಲೆ ಮನೆಯ ಆಫೀಸಿನ ಕೆಲಸವನ್ನಷ್ಟೇ ಮಾಡುತ್ತಿದ್ದ ಅತ್ತೆಯೂ ಅಂದು ನೋಡಲು ಬಂದಿದ್ದರು. ಬಾಗಿಲಲ್ಲಿ ನಿಂತು ಅಭ್ಯಾಸದಂತೆ ಗೋಡೆ ಹುಡುಕಿದರು. ಆದರೆ ಅಲ್ಲಿ ನಾಲ್ಕೂ ಗೋಡೆಗೆ ಪುಸ್ತಕದ ಕಪಾಟುಗಳು, ಕಪಾಟಿಗೆ ಒತ್ತಿ ಕುರ್ಚಿಗಳು. ಅಂಚೇ ಇರಲಿಲ್ಲ. ಒಳಗೆ ಬರಬೇಕೆಂದರೆ ನಡುವಿನಲ್ಲೇ ಬರಬೇಕು.

"ನಾನು ಇಲ್ಲಿಂದಲೇ ನೋಡ್ತೀನಿ ಬಿಡಿ," ಎಂದರು.

ಮಾವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ತಾವು ಉಜ್ಜಿದ ನೆಲದ ಮೇಲೆ ತಾವೇ ಹುಷಾರಾಗಿ ಹೆಜ್ಜೆಯಿಟ್ಟು ಬಾಗಿಲಿಗೆ ಹೋಗಿ ಕೈ ಚಾಚಿದರು.

"ಎಡಗೈ ಹಿಡೀಬೇಡಿ, ಈಗಲೂ ನೋಯುತ್ತೆ," ಎಂದರು ಅತ್ತೆ.

"ಗೊತ್ತು," ಎಂದರು ಮಾವ. ಅವರು ಆಗಲೇ ಅತ್ತೆಯ ಬಲಕ್ಕೆ ಹೋಗಿ ನಿಂತಿದ್ದರು.