ಹಳದಿ ಪಟ್ಟಿ

ಹನ್ನೆರಡು ಮಸ್ಕೆಟ್‌ಗಳಲ್ಲಿ ನಾಲ್ಕು ಕೆಟ್ಟಿವೆ ಎಂಬುದು ಶಂಕರೆಪ್ಪನಿಗೆ ಗೊತ್ತಾದದ್ದು ಅವುಗಳ ಮರ ಬಿಚ್ಚಿದ ಮೇಲೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಕಪ್ಪಗೆ ಮಿರುಗುತ್ತಿದ್ದವು.

೧೯೭೫ರ ಸೆಪ್ಟೆಂಬರ್ ತಿಂಗಳು. ಅಕ್ಕಲಕೋಟದ ಹೊರಗಿದ್ದ ಒಂದು ಸೂತಗಿರಣಿಯವರು, ಎಂದರೆ ನೂಲಿನ ಮಿಲ್ಲಿನವರು, ತಮ್ಮ ಕಾವಲುಗಾರರ ಬಂದೂಕುಗಳನ್ನು ದುರಸ್ತಿಗೆಂದು ಸೊಲ್ಲಾಪುರದ ನಾಗಣ್ಣನ ಅಂಗಡಿಗೆ ಕಳಿಸಿದ್ದರು. ಹುಟ್ಟಿನಿಂದ ಅವು ಸೈನ್ಯದ ತ್ರೀ-ನಾಟ್-ತ್ರೀ ರೈಫಲ್‌ಗಳು. ಸೈನ್ಯಕ್ಕೆ ಬೇಡವಾದ ಮೇಲೆ ನಳಿಗೆಯ ಒಳಗಿನ ಗೀರುಗಳನ್ನು ಕೊರೆದು ನುಣುಪು ಮಾಡಿ, ಮ್ಯಾಗಜಿನ್ನಿನಲ್ಲಿ ಮರದ ತುಂಡು ತುರುಕಿ, ಒಂದು ಸಲಕ್ಕೆ ಒಂದೇ ತೋಟಾ ತುಂಬಿ ಒಂದೇ ಗುಂಡು ಹಾರುವಂತೆ ಮಾಡಿದ್ದರು. ಕೊರೆದ ನಳಿಗೆ ತೆಳ್ಳಗಾಗಿರುತ್ತದೆ. ತೆಳ್ಳಗಾದದ್ದನ್ನು ಜಂಗು, ಎಂದರೆ ತುಕ್ಕು, ತಿಂದರೆ ಉಳಿಯುವುದೇನು?

ಶಂಕರೆಪ್ಪ ಬೋರಾಮಣಿಯ ಕುರಿಗಾರರ ಮನೆಯವನು. ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ ಆಯುಧ ರಿಪೇರಿ ಮಾಡಿ, ಹವಾಲ್ದಾರನಾಗಿ ನಿವೃತ್ತನಾಗಿ ನಾಗಣ್ಣನ ಅಂಗಡಿ ಸೇರಿದ್ದ. ಉಕ್ಕಿನ ಬಣ್ಣ ನೋಡಿಯೇ ಬಂದೂಕಿನ ಚರಿತ್ರೆ ಹೇಳುತ್ತಿದ್ದ. ಕಂದು ಬಣ್ಣವಿದ್ದರೆ ಹಳೆಯ ಕಾಲದ ಕೆಲಸ. ನೀಲಿ ಬೆರೆತ ಕಪ್ಪಿದ್ದರೆ ಬೇಕೆಂದೇ ಜಂಗು ಏರಿಸಿ, ನೀರಿನಲ್ಲಿ ಕುದಿಸಿ, ತಂತಿಯ ಕುಂಚದಿಂದ ಉಜ್ಜಿ, ಅದನ್ನೇ ಆರೇಳು ಸಲ ಮಾಡಿ ತಂದದ್ದು. ಅಲ್ಲಲ್ಲಿ ನೇರಳೆ ಹಣ್ಣಿನ ಛಾಯೆ ಇಣುಕಿದರೆ ಆ ಉಕ್ಕಿನ ಪಾಕವೇ ಬೇರೆ. ಅವನಿಗೆ ಆಗದಿದ್ದದ್ದು ಒಂದೇ, ಮೇಲಿಂದ ಬಳಿದ ಕರಿ ಬಣ್ಣ. ಗಿರಣಿಯ ಮಸ್ಕೆಟ್‌ಗಳಿಗೆ ಯಾರೋ ಅದನ್ನೇ ದಪ್ಪಗೆ ಬಳಿದಿದ್ದರು. ಬಣ್ಣ ಕೆರೆದಾಗ ನಾಲ್ಕರಲ್ಲಿ, ಮರದ ಅಡಿಗೆ, ಸರಿಯಾಗಿ ಎಡಗೈ ಹಿಡಿಯುವ ಜಾಗದಲ್ಲಿ, ಜೋಳದ ಕಾಳು ಕೂರುವಷ್ಟು ಆಳದ ಕುಳಿಗಳು ಕಂಡವು.

ಅವನ್ನು ಮುರಿದು ಗುಜರಿಗೆ ಹಾಕಬೇಕೆಂದು ಅವನು ನಾಗಣ್ಣನಿಗೆ ಹೇಳಿದ. ನಾಗಣ್ಣ ಗಿರಣಿಯ ಮ್ಯಾನೇಜರನಿಗೆ ಫೋನು ಹಚ್ಚಿದ. ಲೈಸೆನ್ಸಿನಲ್ಲಿ ಹನ್ನೆರಡು ಎಂದಿದೆ, ಎಂಟು ಉಳಿದರೆ ಮತ್ತೆ ಕಲೆಕ್ಟರ್ ಕಚೇರಿಗೆ ಓಡಾಡಬೇಕು, ಹನ್ನೆರಡೂ ವಾಪಸು ಬರಲಿ ಎಂದು ಅಲ್ಲಿಂದ ಉತ್ತರ ಬಂತು.

"ಹವಾಲ್ದಾರ, ಆ ನಾಕು ಹೆಗಲ ಮ್ಯಾಲ ಹಾಕ್ಕೊಂಡು ತೋರಸ್ಲಾಕ ಇರಲಿ," ಎಂದ ನಾಗಣ್ಣ. "ಹೊಡೀಬಾರದು ಅಂತ ಒಂದು ಗುರ್ತು ಮಾಡಿ ಕೊಡು. ಮುಗೀತು."

ಗುರುತು ಯಾವ ಬಣ್ಣದ್ದು ಎಂಬುದನ್ನು ಶಂಕರೆಪ್ಪ ಎರಡು ದಿನ ಯೋಚಿಸಿದ. ಸೈನ್ಯದಲ್ಲಿ ಕವಾಯತಿಗೆ ಮಾತ್ರ ಇಟ್ಟ ರೈಫಲ್‌ಗಳಿಗೆ ಬಿಳಿ ಪಟ್ಟಿ ಬಳಿಯುವುದನ್ನು ಕಂಡಿದ್ದ. ಆದರೆ ಕಾವಲುಗಾರರ ಕೈಯ ಬೆವರಿಗೆ ಬಿಳಿ ತಿಂಗಳೊಪ್ಪತ್ತಿನಲ್ಲಿ ಮಣ್ಣುಬಣ್ಣವಾಗುತ್ತದೆ. ಕೆಂಪು ಬಳಿಯೋಣವೆಂದರೆ ಗಿರಣಿಯಲ್ಲಿ ಬೆಂಕಿ ಆರಿಸುವ ಬಕೆಟ್‌ಗಳು ಕೆಂಪು. ಅವಸರಕ್ಕೆ ಮೊದಲು ಕೈಹಾಕಬೇಕಾದದ್ದು ಅದೇ ಎಂದು ಅಲ್ಲಿನವರಿಗೆ ಕಲಿಸಿರುತ್ತಾರೆ. ಅಗಸೆ ಎಣ್ಣೆ ಕುಡಿದು ಕಪ್ಪಾದ ಮರದ ಮೇಲೆ, ಕತ್ತಲಲ್ಲಿ ಬ್ಯಾಟರಿ ಬಿಟ್ಟರೂ ಕಣ್ಣಿಗೆ ಹೊಡೆಯುವುದು ಹಳದಿ. ನಾಲ್ಕರ ಕುಂದಾಕ್ಕೂ, ಹೆಗಲಿಗೆ ಒತ್ತುವ ಹಿಂಬದಿಯ ಮರಕ್ಕೆ, ಮೂರು ಬೆರಳಗಲದ ಹಳದಿ ಪಟ್ಟಿ ಎಳೆದ. ಅಂಚು ನೂಲು ಹಿಡಿದಂತೆ ನೆಟ್ಟಗೆ ಬಂತು. "ಹಳದಿ ಪಟ್ಟಿಯ ನಾಲ್ಕರಿಂದ ಗುಂಡು ಹಾರಿಸಕೂಡದು" ಎಂಬ ಚೀಟಿಯನ್ನು ನಾಗಣ್ಣನ ಗುಮಾಸ್ತನಿಂದ ಇಂಗ್ಲಿಷಿನಲ್ಲಿ ಟೈಪು ಮಾಡಿಸಿ ಸಹಿ ಹಾಕಿದ.

ಅವನ ಮಗಳು ಮುಕ್ತಾಬಾಯಿಯ ಗಂಡ ಕಾಮಣ್ಣ ಅದೇ ಗಿರಣಿಯಲ್ಲಿ ಕಾವಲುಗಾರ. ಮಾವನ ಮಾತಿನ ಮೇಲೆಯೇ ಅವನಿಗೆ ಅಲ್ಲಿ ಕೆಲಸ ಸಿಕ್ಕಿತ್ತು. ಆದರೂ ಶಂಕರೆಪ್ಪ ಅವನಿಗೆ ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲ. ಶಸ್ತ್ರದ ವಿಷಯ ಕಾಗದದ ಮೇಲೆ ಹೋಗಬೇಕು, ಮನೆಯ ಕಟ್ಟೆಯ ಮೇಲಲ್ಲ ಎಂಬ ಶಿಸ್ತು ಅವನ ಮೈಗೆ ಹತ್ತಿತ್ತು.

ಚೀಟಿ ಗಿರಣಿಗೆ ಮುಟ್ಟಿತು. ಮ್ಯಾನೇಜರ್ ಓದಿದ, ಫೈಲಿಗೆ ಹಾಕಿದ. ಗೇಟಿನವರೆಗೆ ಅದು ಬರಲಿಲ್ಲ.

ಖಂಡೇನವಮಿಯ ಬೆಳಿಗ್ಗೆ ಕಾವಲುಗಾರರು ಗೇಟಿನ ಮುಂದೆ ಕಂಬಳಿ ಹಾಸಿ ಹನ್ನೆರಡು ಮಸ್ಕೆಟ್‌ಗಳನ್ನು ಸಾಲಾಗಿ ಪೂಜೆಗಿಟ್ಟರು. ಅವರ ಜಮಾದಾರ ಗೊಲ್ಲಾಳಪ್ಪ ಹುಲಜಂತಿಯ ಕಡೆಯವನು, ಕುರಿಗಾರರ ದೇವರು ಬೀರೋಬನ ಒಕ್ಕಲು. ಉಳಿದವರೂ ಮೈಲಾರನಿಗೆ, ಬೀರೋಬನಿಗೆ ನಡೆದುಕೊಳ್ಳುವವರೇ. ಹಬ್ಬದ ದಿನ ಆಯುಧಕ್ಕೆ ಭಂಡಾರ ಹಚ್ಚುವುದು, ಎಂದರೆ ದೇವರ ಅರಿಶಿನಪುಡಿ ಬಳಿಯುವುದು, ಅವರಲ್ಲಿ ತಪ್ಪದ ಪದ್ಧತಿ. ಗೊಲ್ಲಾಳಪ್ಪ ಭಂಡಾರದ ಚೀಲ ಬಿಚ್ಚಿ ನೋಡುತ್ತಾನೆ, ನಾಲ್ಕಕ್ಕೆ ಆಗಲೇ ಹಚ್ಚಿದೆ. ಒರೆಸಿದರೂ ಹೋಗುವುದಿಲ್ಲ. ಹವಾಲ್ದಾರ ನಮ್ಮ ಪೈಕಿಯವ, ಮೈಲಾರಲಿಂಗನ ಭಂಡಾರವನ್ನು ಅಳಿಯದಂತೆ ಎಣ್ಣೆಯಲ್ಲಿ ಕಲಸಿ ಹಚ್ಚಿ ಕಳಿಸಿದ್ದಾನೆ ಎಂದು ಅವನು ಎಲ್ಲರಿಗೂ ತೋರಿಸಿದನಂತೆ. ಅಲ್ಲಿದ್ದ ಒಬ್ಬರಿಗೂ ಅದು ಬೇರೆ ಏನಾದರೂ ಇರಬಹುದು ಎನ್ನಿಸಲಿಲ್ಲ.

ಪೂಜೆ ಮುಗಿದ ಮೇಲೆ ಆಕಾಶಕ್ಕೆ ಮೂರು ಗುಂಡು ಹಾರಿಸುವುದು ವಾಡಿಕೆ. ಆ ಮಾನ ಈ ಸಲ ಕಾಮಣ್ಣನಿಗೆ ಬಂತು, ಬಂದೂಕಿನ ದುರಸ್ತಿ ಮಾವನ ಕೈಯದೆಂದು. ನಾಲ್ಕರಲ್ಲಿ ಒಂದನ್ನು ಅವನೇ ಆರಿಸಿಕೊಂಡ. ಮೊದಲ ಗುಂಡು ಹಾರಿತು. ಎರಡನೆಯದಕ್ಕೆ ನಳಿಗೆ ಹೊಟ್ಟೆ ಒಡೆಯಿತು. ಎಡಗೈಯ ಮೂರು ಬೆರಳು ಹೋದವು.

ಹದಿನೈದು ದಿನದ ಮೇಲೆ ಗಿರಣಿಯ ಆಫೀಸಿನಲ್ಲಿ, ಕಾವಲುಗಾರರನ್ನು ಹೊರಗಿಟ್ಟು, ವಿಚಾರಣೆ ನಡೆಯಿತು. ಬಸ್ಸು ಹತ್ತುವ ಮುಂಚೆ ನಾಗಣ್ಣ ಶಂಕರೆಪ್ಪನನ್ನು ಅಂಗಡಿಯ ಒಳಗೆ ಕರೆದು, ಹಳದಿ ಬಳಿಯಲು ಮ್ಯಾನೇಜರನೇ ಫೋನಿನಲ್ಲಿ ಹೇಳಿದ್ದ ಎಂದುಬಿಡು ಎಂದ. ತಪ್ಪು ಗಿರಣಿಯ ಪಾಲಿಗೆ ಹೋದರೆ ಅವರು ಕಾಮಣ್ಣನನ್ನು ಕೂತು ಮಾಡುವ ಒಂದು ಕೆಲಸದಲ್ಲಾದರೂ ಇಟ್ಟುಕೊಳ್ಳಬೇಕಾಗುತ್ತದೆ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಯಾರು?

ಮ್ಯಾನೇಜರ್ ಚೀಟಿಯನ್ನು ಮೇಜಿನ ಮೇಲಿಟ್ಟು ಒಂದೇ ಪ್ರಶ್ನೆ ಕೇಳಿದ, ಮರಾಠಿಯಲ್ಲಿ: "ಪಿವಳಾಚ ಕಾ?"

ಹಳದಿಯೇ ಯಾಕೆ? ಶಂಕರೆಪ್ಪ ಬಿಳಿಯ ಬಗ್ಗೆ ಹೇಳಿದ, ಕೆಂಪಿನ ಬಗ್ಗೆ ಹೇಳಿದ, ಹಳದಿ ಕತ್ತಲಲ್ಲೂ ಕಾಣುತ್ತದೆ ಎಂದು ಹೇಳಿದ. ಬಣ್ಣ ಆರಿಸಿದವನು ನೀನೇ ತಾನೇ ಎಂದು ಕೇಳಿದಾಗ ಹೌದು ಎಂದ. ಮೈಲಾರನ ಒಕ್ಕಲಿನವನಾಗಿ ಹಳದಿಯನ್ನು ಕಾವಲುಗಾರರು ಹೇಗೆ ತಿಳಿಯುತ್ತಾರೆಂದು ನಿನಗೆ ಹೊಳೆಯಲಿಲ್ಲವೇ ಎಂದು ಕೇಳಿದಾಗ, ಹೊಳೆಯಲಿಲ್ಲ ಎಂದ. ಅದೂ ಸುಳ್ಳಲ್ಲ. ಹುಡುಗನಿದ್ದಾಗ ತಲೆಯಿಂದ ಕಾಲಿನವರೆಗೆ ಭಂಡಾರದಲ್ಲಿ ಮುಳುಗಿ ಎದ್ದವನಿಗೆ, ಕುಂಚ ಹಿಡಿದು ಕೂತ ಆ ಹೊತ್ತಿನಲ್ಲಿ ಹಳದಿ ಎಂದರೆ ಡಬ್ಬಿಯಲ್ಲಿದ್ದ ಒಂದು ಬಣ್ಣ ಮಾತ್ರ ಆಗಿತ್ತು.

ಆ ಚೀಟಿಯನ್ನು ಗೇಟಿನವರಿಗೆ ಯಾಕೆ ಓದಿ ಹೇಳಲಿಲ್ಲ ಎಂದು ಅಲ್ಲಿ ಯಾರೂ ಕೇಳಲಿಲ್ಲ. ದುರಸ್ತಿ ಮಾಡಿದವನ ತಪ್ಪು ಗುರುತು, ಕಾವಲುಗಾರನು ಪರವಾನಗಿ ಇಲ್ಲದೆ ಹಾರಿಸಿದ ಗುಂಡು ಎಂದು ಬರೆದುಕೊಂಡರು. ಕಾಮಣ್ಣನನ್ನು ಕೆಲಸದಿಂದ ತೆಗೆದರು.

ಮರುದಿನ ಮಧ್ಯಾಹ್ನ ಶಂಕರೆಪ್ಪ ಗಿರಣಿಯ ಹತ್ತಿರವೇ ಇದ್ದ ಮಗಳ ಮನೆಗೆ ಬಂದ. ಕಾಮಣ್ಣ ಬ್ಯಾಂಡೇಜು ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಗೆ ಕೂತಿದ್ದ. ಹಣೆಯ ತುಂಬ ಭಂಡಾರ. ಪಕ್ಕದಲ್ಲಿ ಗೊಲ್ಲಾಳಪ್ಪ. ಬೈಗಳಕ್ಕೆ ಮೈ ಗಟ್ಟಿ ಮಾಡಿಕೊಂಡು ಬಂದವನನ್ನು ಕಾಮಣ್ಣ ಎದ್ದು ನಿಂತು ಬರಮಾಡಿಕೊಂಡ.

"ಬರ್ರಿ ಮಾವ. ಹೊಡತ ಮಾರಿ ಮುಂದ ಬಿತ್ತು ನೋಡ್ರಿ. ಕಣ್ಣು ಎರಡೂ ಹೋಗಬೇಕಿತ್ತು. ಮೂರು ಬೆರಳಿಗೆ ಮುಗಸ್ಯಾನ ಮೈಲಾರಲಿಂಗ. ನೀವು ಹಚ್ಚಿದ ಭಂಡಾರ ನನ್ನ ಉಳಿಸೇದ."

ಶಂಕರೆಪ್ಪ ಏನೋ ಹೇಳಹೋದ. ಬಾಗಿಲಲ್ಲಿ ನಿಂತಿದ್ದ ಮುಕ್ತಾಬಾಯಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಚಪ್ಪಲಿ ಬಿಟ್ಟು ಕಟ್ಟೆಯ ತುದಿಗೆ ಕೂತ. ಆ ಮಾತನ್ನು ಅಲ್ಲಿಗೇ ಬಿಟ್ಟುಬಿಡುತ್ತಿದ್ದನೇನೋ. ಆದರೆ ಗೊಲ್ಲಾಳಪ್ಪನ ಹತ್ತಿರ ಒಂದು ಕೋರಿಕೆಯಿತ್ತು. ಉಳಿದ ಎಂಟಕ್ಕೂ ಅದೇ ಪಟ್ಟಿ ಹಾಕಿಕೊಡಬೇಕಂತೆ.

ಒಡೆಯದೆ ಉಳಿದ ಹಳದಿ ಪಟ್ಟಿಯ ಮೂರು ಎಲ್ಲಿವೆ ಎಂದು ಶಂಕರೆಪ್ಪ ಕೇಳಿದ.

"ಗೇಟಿನ್ಯಾಗ ಅದಾವ್ರಿ. ತೋರಸ್ಲಾಕ ಇರಲಿ ಅಂತ ಮ್ಯಾನೇಜರ್ ಸಾಹೇಬ್ರು ಕೊಟ್ಟಾರ. ಹುಡುಗರು ಪಾಳಿ ಹಚ್ಚಿ ಬೇಡ್ತಾರ್ರಿ. ಕಾಮಣ್ಣನ್ನ ಉಳಿಸಿದ್ದಲ್ಲ ಅದು, ನಮಗs ಬೇಕು ಅಂತಾರ."

"ತೋಟಾ?"

"ತೋಟಾ ಬೆಲ್ಟಿನ್ಯಾಗ ಇರತಾವಲ್ರಿ."

ಆಗ ಶಂಕರೆಪ್ಪ ಒಂದೊಂದೇ ಮಾತನ್ನು ನಿಧಾನವಾಗಿ ಆಡಿದ. "ಗೊಲ್ಲಾಳಪ್ಪ, ಅದು ಭಂಡಾರ ಅಲ್ಲ. ಎಣ್ಣಿ ಬಣ್ಣ. ಇವು ಕೆಟ್ಟಾವ, ಹೊಡೀಬ್ಯಾಡ್ರಿ ಅಂತ ಹಚ್ಚೀನಿ. ಚೊಲೋವು ಆ ಎಂಟು."

ಕಾಮಣ್ಣ ತನ್ನ ಕೈಯನ್ನು ನೋಡಿಕೊಂಡ. ಮುಕ್ತಾಬಾಯಿ ಹೊಸ್ತಿಲು ದಾಟಿ ಬಂದಳು.

"ನಿನ್ನಿ ಖರೇ ಹೇಳಿ ಅವರ ನೌಕರಿ ಕಳದಿ ಅಪ್ಪಾ. ಇವತ್ತು ಇದನ್ನೂ ಕಸಗೊಂಡಿ. ಇನ್ನ ಏನು ಉಳದದ, ಅದನ್ನೂ ಒಯ್ಯಿ."

ಗೊಲ್ಲಾಳಪ್ಪ ಮಾತ್ರ ಕದಲಲಿಲ್ಲ. ತಪ್ಪು ತಿಳಿದ ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದ: "ನೀವು ಮಿಲಿಟ್ರಿ ಮಂದಿ, ಹಂಗs ಅಂತೀರಿ. ಕೈ ನಿಮ್ಮದು ಹವಾಲ್ದಾರ. ಹಚ್ಚಿಸಿದಾವ ಅಂವ, ಮೈಲಾರಲಿಂಗ." ಕಾಮಣ್ಣ ತಲೆ ಎತ್ತಿದ. ಅವನ ಮುಖದ ಮೇಲೆ ಮತ್ತೆ ಜೀವ ಬಂದದ್ದು ಆ ಮಾತಿಗೆ.

ಶಂಕರೆಪ್ಪ ಚಪ್ಪಲಿ ಮೆಟ್ಟಿ ನೇರವಾಗಿ ಗಿರಣಿಗೆ ನಡೆದ. ಪಾಳಿ ಬದಲಾಗುವ ಹೊತ್ತು. ರಿಪೇರಿಯವನನ್ನು ಒಳಗೆ ಬಿಡಬಾರದೆಂದು ಆಫೀಸಿನಿಂದ ಆರ್ಡರ್ ಆಗಿತ್ತು. ಕಬ್ಬಿಣದ ಸರಳುಗಳ ಆಚೆ ಒಬ್ಬ ಹೊಸ ಕಾವಲುಗಾರ ನಿಂತಿದ್ದ, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಹೆಗಲಲ್ಲಿ ಮಸ್ಕೆಟ್, ಕುಂದಾದ ಮೇಲೆ ನೂಲು ಹಿಡಿದಂತೆ ನೆಟ್ಟಗಿನ ಹಳದಿ.

"ತಮ್ಮಾ, ಅದರಿಂದ ಹೊಡೀಬ್ಯಾಡ," ಎಂದ ಶಂಕರೆಪ್ಪ. "ಆ ಪಟ್ಟಿ ಹಚ್ಚಿದಾವ ನಾನs."

ಕಾವಲುಗಾರನ ಕಣ್ಣು ಅರಳಿತು. ಅವನು ಮಸ್ಕೆಟ್ಟನ್ನು ಹೆಗಲಿನಿಂದಿಳಿಸಿ, ಹಳದಿ ಪಟ್ಟಿಯನ್ನು ಎರಡು ಬೆರಳಿನಿಂದ ಮುಟ್ಟಿ, ಆ ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡ.