ಪ್ಯಾನೆಲ್ ಕೆಳಗಿನ ಮೆಂತ್ಯ

ಗೊಟ್ಟಿಗೆರೆಯ ಆ ಖಾಲಿ ಸೈಟಿನಲ್ಲಿ ಅಂಕಮ್ಮ ಹನ್ನೊಂದು ವರ್ಷದಿಂದ ಸೊಪ್ಪು ಬೆಳೆದು, ಜೆ.ಪಿ. ನಗರದ ಬೀದಿ ಬೀದಿ ತಿರುಗಿ ಮಾರುತ್ತಿದ್ದಳು. ಸೈಟು ಅವಳದಲ್ಲ, ಪಕ್ಕದ ಹಾರ್ಡ್‌ವೇರ್ ಅಂಗಡಿಯ ಗೌರೀಶಂಕರನದು. ಜನ ಕಸ ಸುರಿಯುವ ಬದಲು ಸೊಪ್ಪಾದರೂ ಬೆಳೆಯಲಿ ಎಂದು ಬಿಟ್ಟಿದ್ದ. ಈಗ ಪುಣ್ಯಾತ್ಮನಿಗೆ ಸೋಲಾರ್ ಹುಚ್ಚು ಹಿಡಿಯಿತು. ಯುಗಾದಿಗೆ ಮುಂಚೆಯೇ ಕಬ್ಬಿಣದ ಕಂಬ ನಿಲ್ಲಿಸಿ, ಅರ್ಧ ಸೈಟಿನ ಮೇಲೆ ಸಾಲು ಸಾಲಾಗಿ ಪ್ಯಾನೆಲ್ ಕೂರಿಸಿಯೇಬಿಟ್ಟ.

"ಇನ್ನು ಇದರ ಕೆಳಗೆ ಏನೂ ಬೆಳೆಯಲ್ಲ ಅಂಕಮ್ಮ. ಬಸವ ಜಯಂತಿ ದಿನ ಒಳ್ಳೇದು, ಪೂರ್ತಿ ಕಾಂಕ್ರೀಟ್ ಹಾಕಿಸಿ ಗಾಡಿ ನಿಲ್ಲಿಸ್ಕೋತೀನಿ."

ಅಂಕಮ್ಮ ಕೈ ಮುಗಿದಳು. "ಅಲ್ಲೀವರೆಗೂ ಬಿಡಿ ಸಾಮಿ. ಸೊಪ್ಪು ಬಂದ್ರೆ ಇರ್ತೀನಿ, ಇಲ್ದಿದ್ರೆ ನಾನೇ ಗುದ್ದಲಿ ಎತ್ಕೊಂಡು ಹೋಗ್ತೀನಿ."

ಗೌರೀಶಂಕರ ಒಪ್ಪಿದ.

ಯುಗಾದಿಯ ಮಾರನೆಯ ದಿನವೇ ಅವಳು ಪ್ಯಾನೆಲ್ ನೆರಳಿಗೂ ಉಳಿದರ್ಧ ಬಯಲಿನ ಬಿಸಿಲಿಗೂ ಮೆಂತ್ಯ ಚೆಲ್ಲಿದಳು. ಬೇಸಿಗೆಯಲ್ಲಿ ಎರಡು ಹೊತ್ತು ನೀರು ಎಂಬುದು ಅತ್ತೆ ಕಲಿಸಿದ ಪಾಠ, ಒಂದು ಹೊತ್ತೂ ತಪ್ಪಿಸಲಿಲ್ಲ. ಮೊಳಕೆ ಚೆನ್ನಾಗಿಯೇ ಬಂತು. ಹತ್ತನೇ ದಿನ ನೋಡಿದರೆ ನೆರಳಿನವೆಲ್ಲ ಬುಡ ಕಪ್ಪಾಗಿ ಮಲಗಿವೆ! ಪ್ಯಾನೆಲ್ ನೋಡಿಕೊಳ್ಳುವ ವೇಣು ಬಂದಾಗ ಅವಳು ಮೈಮೇಲೆಯೇ ಹೋದಳು.

"ನಿನ್ ಕರೆಂಟು ನೆಲಕ್ಕಿಳಿದು ನನ್ ಬೇರು ಸುಟ್ಟೈತೆ ಕಣಪ್ಪಾ!"

"ಕರೆಂಟ್ ವೈರಲ್ಲಿ ಹೋಗುತ್ತೆ ಅಕ್ಕಾ. ನಿಮ್ ಮೆಂತ್ಯದ ತಂಟೆ ಅದಕ್ಯಾಕೆ?" ಎಂದು ವೇಣು ನಕ್ಕು ಹೋದ.

ಅವಳು ನಂಬಬೇಕಲ್ಲ! ಸತ್ತ ಸೊಪ್ಪಿಗೆ ನೀರು ನಿಲ್ಲಿಸಿದಳು. ಎರಡು ದಿನ ಬಿಟ್ಟು, ಆ ಕಳ್ಳ ಕರೆಂಟನ್ನು ಹಿಡಿದೇ ತೀರುತ್ತೇನೆಂದು ನಡುಮಧ್ಯಾಹ್ನ ಬರಿಗಾಲಲ್ಲಿ ಹೊರಟಳು. ಬಯಲಿನ ಮಣ್ಣು ಅಂಗಾಲು ಸುಡುತ್ತಿತ್ತು. ಪ್ಯಾನೆಲ್ ಕೆಳಗೆ ಕಾಲಿಟ್ಟಳೋ ಇಲ್ಲವೋ, ಅರೆ, ತಂಪು! ಕೂತು ಬೆರಳು ಚುಚ್ಚಿದಳು. ಉಗುರು ದಾಟುವಷ್ಟರಲ್ಲೇ ತೇವ. ಆಚೆ ಹೋಗಿ ಬೆಳಿಗ್ಗೆ ತಾನೇ ನೀರು ಕುಡಿಸಿದ್ದ ಕಡೆ ಚುಚ್ಚಿದರೆ ಎರಡು ಗೆಣ್ಣಿನಷ್ಟು ಆಳ ಬರೀ ಧೂಳು. ಆ ದಿನ ಸೊಪ್ಪಿನ ಬುಟ್ಟಿ ಹೊರಡಲೇ ಇಲ್ಲ, ಅವಳು ಸಾಲು ಸಾಲಿಗೆ ಬೆರಳಿಟ್ಟುಕೊಂಡು ಓಡಾಡಿದಳು.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ! ಬಿಸಿಲಿಲ್ದೆ ಸತ್ತಿದ್ದಲ್ಲ. ಆರದ ನೆಲಕ್ಕೆ ಮತ್ತೆ ಮತ್ತೆ ನೀರು ಸುರಿದು ನಾನೇ ಕೊಳೆಸಿದೆ" ಎಂದು ಹಣೆ ಚಚ್ಚಿಕೊಂಡಳು.

ಉಳಿದದ್ದು ಹದಿನೆಂಟು ದಿನ. ನೆರಳಿಗೆ ಮತ್ತೆ ಬಿತ್ತಿದಳು. ಈ ಸಲ ದಿನಾ ಬೆಳಿಗ್ಗೆ ಬೆರಳು ಮೊದಲು, ನೀರು ಆಮೇಲೆ. ಬೆರಳು ಬೇಡ ಎಂದರೆ ಕೊಡ ಎತ್ತುವಂತಿಲ್ಲ. ಸಂಜೆಯಾದರೆ ಸಾಕು, ನೀರು ಸುರಿಯಲು ಕೈ ತುರಿಸುತ್ತಿತ್ತು. ಹಾಳಾದ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಕೊಡವನ್ನು ಬೋರಲು ಹಾಕಿ ಅದರ ಮೇಲೆ ತಾನೇ ಕೂತುಬಿಡುತ್ತಿದ್ದಳು.

ಬಸವ ಜಯಂತಿಯ ಬೆಳಿಗ್ಗೆ ಗೌರೀಶಂಕರ ವಿಭೂತಿ ಹಚ್ಚಿಕೊಂಡು, ಮೇಸ್ತ್ರಿ ಬೈರಣ್ಣನನ್ನು ಕರೆದುಕೊಂಡೇ ಬಂದ. ನೀರು ಕುಡಿದೂ ಬಯಲಿನ ಮೆಂತ್ಯ ಬಿಸಿಲಿಗೆ ಹಳದಿಯಾಗಿ ಮುದುಡಿತ್ತು. ಪ್ಯಾನೆಲ್ ಕೆಳಗೆ ಮಾತ್ರ ಪಾದ ಮುಚ್ಚುವಷ್ಟು ಹಸಿರು, ಅಗಲವಾದ ಎಲೆ.

"ಅಬ್ಬಾ! ಎಷ್ಟು ನೀರು ಕುಡಿಸಿದ್ರಿ ಇದಕ್ಕೆ?" ಎಂದ ಗೌರೀಶಂಕರ.

"ಬೆರಳಿಟ್ಟು ನೋಡಿ ಸಾಮಿ."

ಅವನು ಪಂಚೆ ಎತ್ತಿ ಕೂತು, ಉಂಗುರದ ಬೆರಳನ್ನೇ ಮಣ್ಣಿಗೆ ತೂರಿಸಿದ. "ಇವತ್ತು ಹಾಕಿದ್ದಾ?"

"ಮೊನ್ನೇದು."

ಅವನು ಎದ್ದು ಬಯಲಿಗೆ ಹೋಗಿ ಅಲ್ಲೂ ಚುಚ್ಚಿದ, ಬೆರಳಿನ ಧೂಳು ನೋಡಿದ, ತಿರುಗಿ ಬಂದು ಮತ್ತೆ ನೆರಳಲ್ಲಿ ಚುಚ್ಚಿದ. ಬೈರಣ್ಣ ಅಳತೆಯ ಟೇಪು ಬಿಚ್ಚಿ ಹಿಡಿದು ನಿಂತೇ ಇದ್ದ.

"ಟೇಪ್ ಸುತ್ಕೋ ಬೈರಣ್ಣ" ಎಂದ ಗೌರೀಶಂಕರ. ಆಮೇಲೆ ಬಯಲಿನ ಕಡೆ ಕೈ ತೋರಿಸಿ, "ಈ ಅರ್ಧಕ್ಕೂ ಪ್ಯಾನೆಲ್ ಹಾಕಿಸ್ಲಾ ಅಂಕಮ್ಮ?" ಎಂದ.

ಅಂಕಮ್ಮ ಆ ತಂಪು ಮಣ್ಣಿನ ಮೇಲೆ ಕೂತು, ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

"ಹಾಕ್ಸಿ ಸಾಮಿ. ಕಂಬ ಮಾತ್ರ ಎತ್ತರ ಇರ್ಲಿ, ನನ್ ತಲೆ ತಗುಲಬಾರ್ದು."