ಆಟೋದೊಳಗಿನ ಬಾಯಿ

"ಬಾಯಿ ತೆಗೀರಿ," ಎಂದು ರವಿಕಿರಣ ಹೇಳಿದ್ದು ಆಟೋದೊಳಕ್ಕೆ ತಲೆ ತೂರಿಸಿಕೊಂಡು. ಹಲ್ಲಿನ ಡಾಕ್ಟರಾದವನಿಗೆ ಇಂಥ ದಿನವೂ ಬರಬೇಕಿತ್ತು!

ಮಾದಾಪುರದ ಗಿಜಿಗುಡುವ ರಸ್ತೆಯೊಂದರಲ್ಲಿ ಅವನ ಕ್ಲಿನಿಕ್ಕು ಮೊದಲನೇ ಮಹಡಿಯಲ್ಲಿತ್ತು. ಹೊರಗೆ ಗೋಡೆಯಗಲದ ಬೋರ್ಡು: ವೃದ್ಧರಿಗೆ, ಅಂಗವಿಕಲರಿಗೆ ವಿಶೇಷ ದಂತಚಿಕಿತ್ಸೆ. ಅದರಲ್ಲಿ ಯಾವನೋ ಮುದುಕ ಇದ್ದಬದ್ದ ಹಲ್ಲನ್ನೆಲ್ಲ ಬಿಟ್ಟು ನಗುತ್ತಿದ್ದ. ಲಿಫ್ಟು ಇರಲಿಲ್ಲ. ಮೆಟ್ಟಿಲು ಹತ್ತಬಲ್ಲ ಅಂಗವಿಕಲರು ಮಾತ್ರ ಬರತಕ್ಕದ್ದು ಎಂದು ಬರೆಸಲು ಬೋರ್ಡಿನಲ್ಲಿ ಜಾಗ ಎಲ್ಲಿತ್ತು, ಪಾಪ.

ಹಾಗಾಗಿ ಹನುಮಂತರಾಯರು ಆಟೋದಲ್ಲೇ ಕೂತಿದ್ದರು. ಕರೆಂಟ್ ಆಫೀಸಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಈಗ ಕೈ, ಗದ್ದ, ಮೊಣಕಾಲು ತಮತಮಗೆ ತೋಚಿದಂತೆ ನಡುಗುವ ಕಾಯಿಲೆ. ಮಾತು ನಿಂತುಹೋಗಿತ್ತು. ಹೃದಯದಲ್ಲಿ ಸ್ಟೆಂಟು, ರಕ್ತ ತೆಳುವಾಗಿರಲೆಂದು ದಿನಾ ಗುಳಿಗೆ. ಮಗಳು ಭವಾನಿ ಸನತ್‌ನಗರದಿಂದ ಅವರನ್ನು ತಬ್ಬಿ ಹಿಡಿದುಕೊಂಡೇ ಬಂದಿದ್ದಳು.

"ಡಾಕ್ಟರ್ರ, ಇದು ಮೂರನೇ ಸಲ ಬಂದೀವ್ರಿ. ಒಂದ ಹಲ್ಲಿನ ನೋವಿಗೆ ಗಂಜಿ ಸೈತ ಒಳಗ ಹೋಗವಲ್ದು. ಭಾಳ ನರಳಾಕತ್ತಾರ್ರಿ."

"ಹಾರ್ಟ್ ಡಾಕ್ಟರು ಏನಂದ್ರು?"

"ಹಲ್ಲಿನ ಡಾಕ್ಟರು ಹೂಂ ಅಂದ್ರ ತೆಗಸ್ರಿ ಅಂದ್ರು."

"ಮೊದಲ ಅವರು ಹೂಂ ಅನ್ಬೇಕ್ರಿ."

"ಅವರೂ ಹಿಂಗ ಅಂತಾರ್ರಿ."

ರವಿಕಿರಣನಿಗೆ ಒಳಗೊಳಗೇ ಸಮಾಧಾನವಾಯಿತು. ಇಬ್ಬಿಬ್ಬರು ಡಾಕ್ಟರು ಇಷ್ಟು ಹುಷಾರಾಗಿರುವಾಗ ರೋಗಿಗೆ ಅಪಾಯ ಎಲ್ಲಿಂದ ಬರಬೇಕು? ಹಸಿವಿನಿಂದ ಬಂದರೆ, ಅದು ಇಬ್ಬರ ವಿಭಾಗವೂ ಅಲ್ಲ.

ಮೊಬೈಲಿನ ಟಾರ್ಚ್ ಹಿಡಿದು, ಕೈಗವಸು ತೊಟ್ಟ ಬೆರಳನ್ನು ಬಾಯೊಳಗಿಟ್ಟ. ಕೆಳದವಡೆಯ ಆ ಹಲ್ಲು ಮುಟ್ಟಿದರೆ ಸಾಕು ವಾಲಾಡುತ್ತಿತ್ತು. ಎರಡು ಬೆರಳಲ್ಲಿ ಹಿಡಿದೆಳೆದರೆ ಬಂದುಬಿಡುತ್ತದೆ. ಗುಳಿಗೆ ನಿಲ್ಲಿಸುವುದೂ ಬೇಡ, ಬಟ್ಟೆ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ಇದನ್ನೇ ಬರೆದು ಅವನು ಕಾಲೇಜಿಗೆ ಮೊದಲಿಗನಾಗಿದ್ದ. ಪರೀಕ್ಷೆಯಲ್ಲಿ ಯಾರೂ ಸಾಯುವುದಿಲ್ಲವಲ್ಲ.

"ಹೆಂಗೈತ್ರಿ?"

"ಗಟ್ಟಿ ಐತಿ," ಎಂದ.

ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಹೇಸಿಗೆಯಾಯಿತು. ಹನುಮಂತರಾಯರು ಅವನನ್ನೇ ನೋಡುತ್ತಿದ್ದರು. ಕಣ್ಣು ಮಾತ್ರ ನಡುಗುತ್ತಿರಲಿಲ್ಲ. ತಮ್ಮ ಹಲ್ಲು ಅಲುಗಾಡಿದ್ದು ಅವರಿಗೆ ತಿಳಿಯದೆ ಇರುತ್ತದೆಯೇ?

"ಹಾರ್ಟ್ ಡಾಕ್ಟರ್ ಹತ್ರ ಇನ್ನೊಮ್ಮೆ ಹೋಗಿ..."

ರಾಯರ ಬಾಯಿ ಮುಚ್ಚಿಕೊಂಡಿತು.

ಬೇಕೆಂದೇ ಕಚ್ಚಿದರೋ, ಕಾಯಿಲೆಗೆ ದವಡೆ ಸೆಟೆದುಕೊಂಡಿತೋ, ಅಂತೂ ಬೆರಳು ಒಳಗೇ ಉಳಿಯಿತು. "ಅಪ್ಪಾ, ಬಿಡ್ರಿ! ಡಾಕ್ಟರ್ರ ಬೆರಳದು!" ಎಂದು ಭವಾನಿ ಗಲ್ಲ ಸವರಿದಳು, ಗದ್ದ ಎಳೆದಳು. ಬಿಡಲಿಲ್ಲ. ರವಿಕಿರಣನಿಗೆ ಜೀವ ಹೋಗುವಷ್ಟು ನೋವು. ಆದರೂ ಕೂಗಲಿಲ್ಲ. ಮೇಲೆ ಹಲ್ಲು ಬೆಳ್ಳಗೆ ಮಾಡಿಸಿಕೊಳ್ಳಲು ಬಂದು ಕೂತವರು ಕಿಟಕಿಯಲ್ಲಿ ಇಣುಕಿಬಿಟ್ಟರೆ?

ಹಿಂದೆ ಐಟಿ ಕಂಪನಿಗಳ ಕ್ಯಾಬುಗಳು ಹಾರ್ನ್ ಬಾರಿಸತೊಡಗಿದವು. ಪೊಲೀಸಿನವನು ಸೀಟಿ ಊದಿದ.

"ಜರಗಂಡಿ ಸಾರ್, ಬಂಡಿ ತೀಯಾಲಿ," ಎಂದು ತೆಲುಗಿನಲ್ಲಿ ಕೂಗಿ, ಗಾಡಿ ತೆಗೆಯಲೇಬೇಕೆಂದು ಆಟೋದವನು ಬಿಟ್ಟೇಬಿಟ್ಟ. ಜರುಗುವುದು ಎಲ್ಲಿಗೆ? ರವಿಕಿರಣ ಆಟೋದ ಜೊತೆ ನಾಲ್ಕು ಹೆಜ್ಜೆ ಕುಪ್ಪಳಿಸಿ, ಬಾಗಿದವನು ಬಾಗಿದಂತೆಯೇ ಸೀಟಿನ ಅಂಚಿಗೆ ಬಿದ್ದ. ಒಂದು ಚಪ್ಪಲಿ ರಸ್ತೆಯಲ್ಲೇ ಉಳಿಯಿತು. ಬೋರ್ಡಿನ ಮುದುಕ ನಗುತ್ತ ನಗುತ್ತ ಹಿಂದೆ ಸರಿದ.

ಆಟೋ ಫ್ಲೈಓವರ್ ಹತ್ತಿತು. ಅಲ್ಲಿ ಗಾಡಿ ನಿಲ್ಲಿಸುವಂತಿಲ್ಲ.

"ಎಕ್ಕಡಿಕಿ ಸಾರ್?" ಎಂದು ಆಟೋದವನು ಕೇಳಿದ.

"ಎಲ್ಲಿಗಂತ ಹೇಳ್ರಿ ಡಾಕ್ಟರ್ರ," ಎಂದಳು ಭವಾನಿ. "ಯಾರ ಹತ್ರ ಹೋಗೂಣು?"

ಹನುಮಂತರಾಯರ ಬಿಸಿ ಜೊಲ್ಲು ಕೈಗವಸಿನ ಮೇಲಿಂದ ರವಿಕಿರಣನ ಮಣಿಕಟ್ಟಿಗೆ ಇಳಿಯುತ್ತಿತ್ತು. ರಸ್ತೆಯ ಗುಂಡಿ ಬಂದಾಗಲೆಲ್ಲ ಆ ಹಲ್ಲು ಅವನ ಉಗುರಿನ ಮೇಲೆ ಅಲುಗಾಡಿತು. ಕಿತ್ತು ಬರಲಿಲ್ಲ.